ಹನ್ನೊಂದು ದಿನ

ಗುಬ್ಬಿ ತವರಿಗೆ ಬಂದ ಮಧ್ಯಾಹ್ನ ಹೊಲಿಗೆಯಮ್ಮ ಶಾಲೆಯ ಮಕ್ಕಳ ನೀಲಿ ಲಂಗಗಳಿಗೆ ಅಂಚು ಮಡಿಸುತ್ತ ಕೂತಿದ್ದಳು. ಬಾಗಿಲು ತೆರೆದೇ ಇತ್ತು. ಮಗಳು ಒಳಗೆ ಬಂದು, ಹೆಗಲಿನ ದೊಡ್ಡ ಚೀಲವನ್ನು ಬಟ್ಟೆಯ ರಾಶಿಯ ಪಕ್ಕ ಇಳಿಸಿ, ಗೋಡೆಗೆ ಒರಗಿ ಕೂತಳು. ಐದು ತಿಂಗಳ ಬಸುರಿ. ಮೂರು ಮಹಡಿ ಹತ್ತಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು.

"ಒಬ್ಬಳೇ ಬಂದ್ಯಾ?"

"ಹೂಂ."

"ಅವನೆಲ್ಲಿ?"

"ಅಂಗಡೀಲಿ."

"ಎಷ್ಟು ದಿನಕ್ಕೆ ಬಂದಿದೀಯ?"

"ಚೀಲ ನೋಡಿದ್ರೆ ಗೊತ್ತಾಗಲ್ವಾ ಅಮ್ಮ."

ಹೊಲಿಗೆಯಮ್ಮ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಮಗಳ ಮುಖ ನೋಡಿದಳು. ಇನ್ನೊಂದು ಮಾತು ಕೇಳಿದರೆ ಅತ್ತುಬಿಡುತ್ತಾಳೆ ಅನ್ನಿಸಿ, ಎದ್ದು ಹೋಗಿ ನೀರು ತಂದಳು.

ಆ ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ, ನಾಲ್ಕು ಜನ. ಹೊಲಿಗೆಯಮ್ಮ ಮೊದಲು ಒಂದು ಕಾರ್ಖಾನೆಯಲ್ಲಿ, ಈಗ ಮನೆಯ ಕಿಟಕಿಯ ಪಕ್ಕ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳ ಗಂಡ ಕೆಳಗಿನ ಬೀದಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವನು. ಮಿಕ್ಸಿ ತಂದವರಿಗೆಲ್ಲ ಅದನ್ನು ಅವರು ಹೇಗೆ ಕೆಡಿಸಿದರು ಅಂತ ಅರ್ಧ ಗಂಟೆ ಪಾಠ ಹೇಳುತ್ತಿದ್ದುದರಿಂದ ಬೀದಿಗೆಲ್ಲ ಅವನು ಮಿಕ್ಸಿ ಮೇಷ್ಟ್ರು. ಮಗ ಲಿಫ್ಟ್ ಮೆಕ್ಯಾನಿಕ್. ಸೊಸೆ ದೊಡ್ಡಾಸ್ಪತ್ರೆಯ ಲಿವರ್ ವಿಭಾಗದಲ್ಲಿ ರೋಗಿಗಳ ಫೈಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಈಗ ಗುಬ್ಬಿಯೂ ಸೇರಿ ಐದು ಜನರಾದರು. ಮಗ ತನ್ನ ಹಾಸಿಗೆಯನ್ನು ಅಪ್ಪನ ಪಕ್ಕಕ್ಕೆ ತಂದುಕೊಂಡ. ಅತ್ತಿಗೆ ನಾದಿನಿ ಒಂದು ಕೋಣೆಯಲ್ಲಿ ಮಲಗಿದರು.

ರಾತ್ರಿ ಊಟಕ್ಕೆ ಕೂತಾಗ ಗುಬ್ಬಿ ತನ್ನ ಚೀಲದಿಂದ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ತೆಗೆದಳು.

"ನಮ್ಮನೆ ತಟ್ಟೆಗೆ ಏನಾಗಿದೆ?" ಹೊಲಿಗೆಯಮ್ಮ ಕೇಳಿದಳು.

"ಏನೂ ಆಗಿಲ್ಲ. ನಂದು ಬೇರೆ ಇರ್ಲಿ ಅಂತ."

"ನಾವೇನು ಕೊಚ್ಚೇಲಿ ಬಿದ್ದಿದೀವಾ?"

"ಇರ್ಲಿ ಬಿಡೇ," ಅಂದ ಮೇಷ್ಟ್ರು. "ತೊಳೆಯೋ ತಟ್ಟೆ ಒಂದು ಕಮ್ಮಿ ಆಯ್ತಲ್ಲ. ಅನ್ನ ಬಡಿಸು."

ಗುಬ್ಬಿ ತಿಂದಾದ ಮೇಲೆ ಆ ತಟ್ಟೆ ಲೋಟ ತಾನೇ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದಳು. ಯಾರೋ ಅವಳಿಗೆ ಹಾಗೆ ಮಾಡು ಅಂತ ಕಲಿಸಿದ್ದಾರೆ ಅನ್ನುವುದು ಸೊಸೆಗೆ ಹೊಳೆಯಿತು. ಇಂಥ ತಟ್ಟೆ ಲೋಟದ ಕಥೆಗಳನ್ನು ಅವಳು ತನ್ನ ವಿಭಾಗದ ಬೆಂಚುಗಳ ಮೇಲೆ ಎಷ್ಟೋ ಕೇಳಿದ್ದಳು. ಆದರೂ ಕೇಳಲಿಲ್ಲ.

ಅದೇ ವಾರ ಆಸ್ಪತ್ರೆಯಲ್ಲಿ ಹೊಸ ಕೆಲಸ ಶುರುವಾಗಿತ್ತು. ಹೆಪಟೈಟಿಸ್ ಬಿ ಇರುವ ಎಲ್ಲ ರೋಗಿಗಳನ್ನೂ ಕರೆಸಿ, ಅವರಿಗೆ ಡೆಲ್ಟಾ ಅನ್ನುವ ಇನ್ನೊಂದು ವೈರಸ್ ಇದೆಯೇ ಅಂತ ರಕ್ತ ಪರೀಕ್ಷೆ ಮಾಡಬೇಕು, ನೂರಕ್ಕೆ ಎಷ್ಟು ಜನರಿಗಿದೆ ಅಂತ ಲೆಕ್ಕ ತೆಗೆಯಬೇಕು. ಡಾಕ್ಟರಮ್ಮ ನರ್ಸುಗಳನ್ನೂ ಸೊಸೆಯನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಈ ಡೆಲ್ಟಾ ತಾನಾಗಿ ಬದುಕೋದಿಲ್ಲ. ಬಿ ಇದ್ದೋರ ಮೈಯಲ್ಲಿ ಮಾತ್ರ ಇರುತ್ತೆ. ಬಿ ಒಂದೇ ಇದ್ರೆ ಎಷ್ಟೋ ಜನ ದಿನಕ್ಕೊಂದು ಮಾತ್ರೆ ತಗೊಂಡು ಆರಾಮಾಗಿರ್ತಾರೆ. ಅದರ ಮೇಲೆ ಇದೂ ಸೇರಿಕೊಂಡ್ರೆ ಲಿವರ್ ಬೇಗ ಹಾಳಾಗುತ್ತೆ. ಮಾತ್ರೆ ತಪ್ಪದೆ ತಗೋತಾರೆ, ಆದ್ರೂ ಸುಸ್ತು, ಕಾಲು ಊತ. ಯಾಕೆ ಅಂತ ನಾವು ಇಷ್ಟು ದಿನ ಹುಡುಕಲೇ ಇಲ್ಲ. ಹುಡುಕದೆ ಇದ್ರೆ ಸಿಗೋದು ಹೇಗೆ?"

ಬೀರುಗಳಿಂದ ಆರುನೂರ ಹನ್ನೆರಡು ಫೈಲು ಹೊರಬಂದವು. ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಸುವ ಕೆಲಸ ಸೊಸೆಯದು. ಒಬ್ಬ ಗಂಡಸು, "ನನ್ನ ನಂಬರ್ ನಿಮಗೆ ಯಾರು ಕೊಟ್ರು, ಮನೇಲಿ ಯಾರಿಗಾದ್ರೂ ಹೇಳಿದ್ರಾ," ಅಂತ ಮೂರು ಸಲ ಕೇಳಿದ. ಒಬ್ಬ ಹೆಂಗಸು ಪಿಸುದನಿಯಲ್ಲಿ, "ಹನ್ನೊಂದು ಗಂಟೆ ಮೇಲೆ ಮಾಡಿ, ಆಗ ಮನೇಲಿ ಯಾರೂ ಇರಲ್ಲ," ಅಂದಳು. ಒಬ್ಬ ಮುದುಕ ಮಾತ್ರ ಖುಷಿಯಾಗಿ, "ಬರ್ತೀನಮ್ಮ, ಮನೇಲಿ ಕೂತು ಬೇಜಾರಾಗಿದೆ," ಅಂದ.

ನಾಲ್ಕನೆಯ ದಿನ ಒಂದು ಹಸಿರು ಫೈಲು ತೆರೆದಳು. ವಿಳಾಸ ಓದಿದಳು. ಫೋನ್ ನಂಬರ್ ಓದಿದಳು. ಆ ನಂಬರಿಗೆ ಅವಳು ದಿನಾ ಸಂಜೆ, 'ಬರುವಾಗ ಏನಾದ್ರೂ ತರಬೇಕಾ ಅತ್ತೆ' ಅಂತ ಫೋನ್ ಮಾಡುತ್ತಿದ್ದಳು. ರೋಗ ಗೊತ್ತಾಗಿ ಒಂಬತ್ತು ವರ್ಷ. ಆರು ತಿಂಗಳಿಗೊಮ್ಮೆ ತಪ್ಪದೆ ಬಂದಿದ್ದಾಳೆ. ಕಡೆಯ ಸಲ ಬಂದು ಒಂದು ವರ್ಷದ ಹತ್ತಿರವಾಗಿದೆ. ಅದರ ಕೆಳಗೆ ಯಾರೋ 'ಬಂದಿಲ್ಲ' ಅಂತ ಪೆನ್ಸಿಲ್ಲಿನಲ್ಲಿ ಬರೆದಿದ್ದರು.

ಸೊಸೆ ಫೈಲು ಮುಚ್ಚಿ ಡಾಕ್ಟರಮ್ಮನ ಕೋಣೆಗೆ ಹೋದಳು.

"ಮೇಡಂ, ಇದು ನಮ್ಮತ್ತೆ. ಮನೇಲಿ ಯಾರಿಗೂ ಗೊತ್ತಿಲ್ಲ. ಬಿಪಿ ಮಾತ್ರೆ ಅಂತಾರೆ."

ಡಾಕ್ಟರಮ್ಮ ಫೈಲನ್ನು ತಮ್ಮ ಕಡೆ ಎಳೆದುಕೊಂಡರು. "ಇವರಿಗೆ ನಾನು ಫೋನ್ ಮಾಡ್ತೀನಿ. ನೀನು ಇದನ್ನ ನೋಡಿಲ್ಲ."

"ನೋಡಿದೀನಲ್ಲ ಮೇಡಂ."

"ನೋಡಿದೀಯ. ಆದ್ರೆ ಹೇಳೋ ಹಕ್ಕು ಅವರದು. ಮನೇಲಿ ನೀನು ಉಸಿರೆತ್ತಬಾರದು. ಆಗುತ್ತಾ?"

"ಆಗುತ್ತೆ," ಅಂದಳು ಸೊಸೆ.

ಆಗುವುದು ಕಷ್ಟವಿತ್ತು. ಅಂದು ಸಂಜೆ ಸೊಪ್ಪು ಬಿಡಿಸುತ್ತ ಅತ್ತೆಯ ಎದುರು ಕೂತಾಗ ಅವಳ ಕಣ್ಣು ತಾನಾಗಿಯೇ ಅತ್ತೆಯ ಪಾದಗಳ ಮೇಲೆ ಹೋಯಿತು. ಊದಿದ್ದವು. ಚಪ್ಪಲಿಯ ಪಟ್ಟಿಯ ಗುರುತು ಒತ್ತಿ ಕೂತಿತ್ತು.

"ಏನು ನೋಡ್ತಿದೀಯ?"

"ಕಾಲು ಊದಿದೆ ಅತ್ತೆ."

"ದಿನವಿಡೀ ಮಿಷನ್ ತುಳಿದ್ರೆ ಊದದೆ ಏನಾಗುತ್ತೆ. ಆ ಕಡ್ಡಿ ಎಲ್ಲ ಸೊಪ್ಪಿಗೆ ಹಾಕ್ತಿದೀಯ, ನೋಡ್ಕೋ."

ಮಾರನೆಯ ದಿನದಿಂದ ಹೊಲಿಗೆಯಮ್ಮನಿಗೆ ಫೋನ್ ಬರತೊಡಗಿತು. ಒಮ್ಮೆ "ರಾಂಗ್ ನಂಬರ್" ಅಂದಳು. ಇನ್ನೊಮ್ಮೆ ರಿಂಗಾದಷ್ಟೂ ಆಗಲಿ ಅಂತ ಬಿಟ್ಟಳು. ಮೂರನೆಯ ಸಲ ಮೇಷ್ಟ್ರು ಊಟಕ್ಕೆ ಬಂದಿದ್ದ.

"ಯಾರು ಅದು ದಿನಾ?"

"ಸಾಲ ಕೊಡ್ತೀವಿ ಅನ್ನೋರು."

"ಕೊಡು ಇಲ್ಲಿ, ನಾನು ಮಾತಾಡ್ತೀನಿ. ಇಂಥೋರಿಗೆ ನಾನೇ ಸರಿ."

"ನೀವು ಶುರು ಮಾಡಿದ್ರೆ ಅನ್ನ ಆರಿ ಕಲ್ಲಾಗುತ್ತೆ. ಊಟ ಮಾಡಿ."

ಆ ಭಾನುವಾರ ಅಳಿಯ ಬಂದ. ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಿ ಹಾಕಿ ಎಷ್ಟು ತೊಳೆದರೂ ಕಪ್ಪು ಹೋಗದ ಬೆರಳುಗಳು. ಆ ಕೈಯಲ್ಲಿ ಬಾಳೆಹಣ್ಣಿನ ಒಂದು ಚಿಪ್ಪು. ಗುಬ್ಬಿ ಅವನ ದನಿ ಕೇಳಿ ಕೋಣೆಯಿಂದ ಹೊರಗೆ ಬರಲಿಲ್ಲ.

ಹೊಲಿಗೆಯಮ್ಮ ಕಾದು ಕೂತಿದ್ದವಳು. "ಬಸುರಿ ಹೆಂಗಸು ಮೂಟೆ ಹೊತ್ತುಕೊಂಡು ಒಬ್ಬಳೇ ಬರೋ ಹಾಗೆ ಏನು ಮಾಡಿದ್ಯಪ್ಪ ನೀನು? ಕೈ ಮಾಡಿದ್ಯಾ?"

"ಇಲ್ಲ ಅತ್ತೆ."

"ಮತ್ತೆ? ಬಂದಾಗಿನಿಂದ ತುತ್ತು ಅನ್ನ ಇಳೀತಿಲ್ಲ ಅವಳಿಗೆ. ಏನಂದೆ ನೀನು?"

"ಅವಳನ್ನೇ ಕೇಳಿ."

"ನಿನ್ನನ್ನ ಕೇಳ್ತಿದೀನಿ."

ಅಳಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ಹೊಲಿಗೆಯ ಮೇಜಿನ ಮೇಲೆ ಇಟ್ಟ. "ಇದು ನನ್ನ ರಕ್ತದ ರಿಪೋರ್ಟು. ಬಸುರಿ ಟೆಸ್ಟಲ್ಲಿ ಅವಳಿಗೆ ಹೆಪಟೈಟಿಸ್ ಬಿ ಬಂತು. ಗಂಡನೂ ಮಾಡಿಸ್ಕೋಬೇಕು ಅಂದ್ರು, ಮಾಡಿಸ್ಕೊಂಡೆ. ನನಗಿಲ್ಲ. ನಿನಗೆ ಎಲ್ಲಿಂದ ಬಂತು ಅಂತ ಕೇಳಿದೆ. ಅಷ್ಟೇ ಕೇಳಿದ್ದು."

ಕೋಣೆಯ ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. "ಎಲ್ಲಿಂದ ಬಂತು ಅಂತ ಕೇಳಿದ್ರಾ? ಯಾರಿಂದ ಬಂತು ಅಂತ ಕೇಳಿದ್ರಿ. ನಿಮ್ಮಕ್ಕ ತಟ್ಟೆ ಬೇರೆ ಮಾಡಿದ್ರು, ನೀವು ನೋಡ್ಕೊಂಡು ಸುಮ್ಮನಿದ್ರಿ. ಅದನ್ನೂ ಹೇಳಿ."

"ಅಕ್ಕ ಹೆದರಿಕೊಂಡ್ಲು. ಮನೇಲಿ ಚಿಕ್ಕ ಮಕ್ಕಳಿದಾರೆ."

"ನನ್ನ ಹೊಟ್ಟೇಲಿ ಇರೋದೇನು?"

ಮಗ ನಡುವೆ ಬಂದ. "ಭಾವ, ನನ್ನ ತಂಗಿ ಬಗ್ಗೆ ಇನ್ನೊಂದು ಮಾತು ಬಂದ್ರೆ ಚೆನ್ನಾಗಿರಲ್ಲ."

"ನಾನೆಲ್ಲಿ ಮಾತಾಡಿದೆ? ಒಂದು ಉತ್ತರ ಕೇಳಿದೆ. ಕೊಡಕ್ಕೆ ಯಾರಿಗೂ ಆಗ್ತಿಲ್ಲ."

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದು ಓದುತ್ತಿದ್ದ. ಸೊಸೆ ಅತ್ತೆಯ ಮುಖ ನೋಡಿದಳು. ಹೊಲಿಗೆಯಮ್ಮನ ಬಾಯಿ ಸ್ವಲ್ಪ ತೆರೆದಿತ್ತು. ಈಗ ಹೇಳುತ್ತಾಳೆ ಅಂದುಕೊಂಡಳು ಸೊಸೆ. ಹೊಲಿಗೆಯಮ್ಮ ಮೇಜಿನ ಮೇಲಿದ್ದ ದಾರದ ಉಂಡೆ ಎತ್ತಿಕೊಂಡು, ಬಿಚ್ಚಿದ್ದ ತುದಿಯನ್ನು ಸುತ್ತುತ್ತ ಸುತ್ತುತ್ತ ಅಡುಗೆಮನೆಗೆ ಹೋದಳು.

ಅಳಿಯ ಒಂದು ನಿಮಿಷ ನಿಂತು ನೋಡಿ, ಮೆಟ್ಟಿಲಿಳಿದು ಹೊರಟುಹೋದ. ಬಾಳೆಹಣ್ಣು ಅಲ್ಲೇ ಉಳಿಯಿತು. ಎರಡು ದಿನ ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಕಪ್ಪಾಗತೊಡಗಿದ ಮೇಲೆ ಮೇಷ್ಟ್ರು ಒಬ್ಬನೇ ಕೂತು ತಿಂದ.

ಸೊಸೆ ಆರು ದಿನ ಕಾದಳು. ಮುಂದಿನ ಭಾನುವಾರ ಬಿಡುವಿತ್ತು. ತಾರಸಿಯ ಮೇಲೆ ಅತ್ತೆಯ ಜೊತೆ ಬಟ್ಟೆ ಒಣಹಾಕುತ್ತಿದ್ದಳು. ಒದ್ದೆ ಚಾದರದ ಎರಡು ತುದಿ ಇಬ್ಬರ ಕೈಯಲ್ಲಿತ್ತು. ಹಿಂಡುವಾಗ ಹೊಲಿಗೆಯಮ್ಮನ ಕೈ ಸೋತು ಅವಳ ಕಡೆಯ ತುದಿ ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಲಿಲ್ಲ, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು.

"ನಿನಗೆ ಗೊತ್ತು, ಅಲ್ವಾ?"

"ಏನು ಅತ್ತೆ?"

"ನಾಟಕ ಬೇಡ. ಫೋನ್ ಮಾಡ್ತಿರೋದು ನಿಮ್ಮ ಡಾಕ್ಟರಮ್ಮ. ಆ ದನಿ ನಾನು ಒಂಬತ್ತು ವರ್ಷದಿಂದ ಕೇಳಿದೀನಿ. ಫೈಲು ನಿನ್ನ ಕೈಗೆ ಬರದೆ ಇರುತ್ತಾ?"

ಸೊಸೆ ಚಾದರ ಎತ್ತಿ ಬಕೆಟ್ಟಿಗೆ ಹಾಕಿದಳು. "ನಾನು ಯಾರಿಗೂ ಹೇಳಿಲ್ಲ."

"ಗೊತ್ತು. ಹೇಳಿದ್ರೆ ನಿನ್ನ ಗಂಡನ ಮುಖ ನೋಡಿದ್ರೇ ತಿಳೀತಿತ್ತು. ಅವನ ಹೊಟ್ಟೇಲಿ ಏನೂ ನಿಲ್ಲಲ್ಲ."

"ನೀವು ಆಸ್ಪತ್ರೆಗೆ ಬರೋದು ಬಿಟ್ಟಿದ್ದು ನನ್ನಿಂದಾನಾ?"

"ಮತ್ತೆ? ಸೊಸೆ ಬಾಗಿಲಲ್ಲೇ ಕೂತಿರೋ ಕಡೆ ನಾನು ಹೇಗೆ ಬರ್ಲಿ? ಹಳೇ ಚೀಟಿ ತೋರಿಸಿ ಮಾತ್ರೆ ಮೆಡಿಕಲ್‌ನಲ್ಲಿ ತಗೋತಿದೀನಿ. ಒಂದು ದಿನ ತಪ್ಪಿಸಿಲ್ಲ. ಆದ್ರೂ ಮೈಯೆಲ್ಲ ಸೀಸದ ಹಾಗೆ ಭಾರ."

"ಅದಕ್ಕೇ ಕರೀತಿದಾರೆ ಅತ್ತೆ."

ಹೊಲಿಗೆಯಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ತಾನಾಗಿಯೇ ಹೇಳಿದಳು. ಅವಳು ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಾಗ ಪಕ್ಕದ ಮಿಷನ್ನಿನವಳಿಗೆ ಈ ರೋಗವಿದೆ ಅಂತ ತಿಳಿಯಿತು. ಅವಳ ಲೋಟಕ್ಕೆ ಕೆಂಪು ದಾರ ಕಟ್ಟಿದರು. ಅವಳು ಕೂತ ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ತಿಂಗಳು ತುಂಬುವ ಮೊದಲೇ ಅವಳೇ ಕೆಲಸ ಬಿಟ್ಟಳು.

"ಆ ದಾರ ಕಟ್ಟಿದ್ದು ನಾನು," ಅಂದಳು ಹೊಲಿಗೆಯಮ್ಮ. "ಮೇಸ್ತ್ರಿ ಹೇಳಿದ, ಕಟ್ಟಿದೆ. ಎರಡು ವರ್ಷ ಬಿಟ್ಟು ನನಗೇ ಇದೆ ಅಂದ್ರು."

ಸೊಸೆ ಬಕೆಟ್ಟು ಪಕ್ಕಕ್ಕಿಟ್ಟಳು. "ಗುಬ್ಬಿಗೆ ಹೇಳಿ ಅತ್ತೆ," ಅಂದಳು.

"ಹೇಳ್ತೀನಿ. ಹೆರಿಗೆ ಆಗಿಬಿಡ್ಲಿ."

"ಅವಳು ಹುಟ್ಟೋವಾಗ ನಿಮ್ಮಿಂದ ಬಂದಿರುತ್ತೆ. ಅವಳ ಗಂಡ ಬೇರೇನೋ ಅಂದ್ಕೊಂಡಿದಾನೆ. ಹೆರಿಗೆ ತನಕ ಆ ಮಾತು ಹೊತ್ಕೊಂಡು ಇರ್ಬೇಕಾ ಅವಳು?"

"ನೀನು ನನಗೆ ಬುದ್ಧಿ ಹೇಳಬೇಡ."

"ಹೇಳ್ತಿಲ್ಲ. ಕೇಳ್ತಿದೀನಿ."

"ಬಟ್ಟೆ ಹಾಕು. ಬಿಸಿಲು ಹೋಗುತ್ತೆ."

ಮಾರನೆಯ ಬೆಳಿಗ್ಗೆ, ಬಟ್ಟೆ ತರಲು ಹೋಗುತ್ತೇನೆ ಅಂತ ಹೇಳಿ ಹೊಲಿಗೆಯಮ್ಮ ಒಬ್ಬಳೇ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದಳು. ಸೊಸೆಯ ಮೇಜಿನ ಮುಂದೆಯೇ ಹಾದುಹೋದಳು. ಇಬ್ಬರೂ ಗುರುತಿಲ್ಲದವರಂತೆ ತಲೆ ತಗ್ಗಿಸಿದರು.

ಗುರುವಾರ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಬೇಳೆ, ಹುರಿದ ಮೊಟ್ಟೆ. ಗುಬ್ಬಿ ಎಂದಿನಂತೆ ತನ್ನ ತಟ್ಟೆಗೆಂದು ಕಿಟಕಿಯ ಕಡೆ ಕೈ ಚಾಚಿದಳು. ಹೊಲಿಗೆಯಮ್ಮ ಅದನ್ನು ಮೊದಲೇ ಎತ್ತಿಕೊಂಡು ಬಂದಿದ್ದಳು. ಅದರಲ್ಲಿ ತನಗೇ ಅನ್ನ ಬಡಿಸಿಕೊಂಡು, ತನ್ನ ತಟ್ಟೆಯನ್ನು ಮಗಳ ಮುಂದೆ ಇಟ್ಟಳು.

"ಅಮ್ಮ, ಅದು ನಂದು."

"ಊಟದ ತಟ್ಟೆಯಿಂದ ಬರೋ ರೋಗ ಅಲ್ಲ ಅದು. ನಿನ್ನ ಅತ್ತಿಗೇನ ಕೇಳು. ನನಗೂ ಇದೆ. ನಿನಗೆ ಬಂದಿರೋದು ನನ್ನಿಂದ."

ಮೇಷ್ಟ್ರು ತುತ್ತು ಕೈಯಲ್ಲೇ ಹಿಡಿದು ಕೂತ. ಮಗ, "ಏನಮ್ಮ ಹೇಳ್ತಿದೀಯ," ಅಂದ.

"ಕನ್ನಡದಲ್ಲೇ ಹೇಳ್ತಿದೀನಿ. ಗುಬ್ಬೀನ ಹೆರೋ ಹೊತ್ತಿಗೆ ನನ್ನ ಮೈಯಲ್ಲಿತ್ತು. ಆಗ ಯಾರಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ."

ಗುಬ್ಬಿ ನಿಧಾನವಾಗಿ ಕೇಳಿದಳು. "ನಿಂಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಒಂಬತ್ತು ವರ್ಷ."

"ನನಗಿರೋದು ಯಾವಾಗ ಗೊತ್ತಾಯ್ತು?"

"ಅವನು ಕಾಗದ ತಂದ ದಿನ."

ಗುಬ್ಬಿ ಬೆರಳು ಮಡಚಿ ಎಣಿಸಿದಳು. "ಇವತ್ತಿಗೆ ಹನ್ನೊಂದು ದಿನ."

"ಹೂಂ."

"ಒಂಬತ್ತು ವರ್ಷ ಹೆದರಿಕೆ ಇತ್ತು, ಹೇಳ್ಲಿಲ್ಲ. ಹೋಗ್ಲಿ. ಆದ್ರೆ ಅವತ್ತು ಅವರು ನನ್ನನ್ನ ಏನು ಕೇಳಿದ್ರು ಅಂತ ನಿನ್ನ ಕಿವಿಯಾರೆ ಕೇಳಿಸ್ಕೊಂಡೆ. ನೀನು ದಾರ ಸುತ್ಕೊಂಡು ಒಳಗೆ ಹೋದೆ. ಅವರು ಮೆಟ್ಟಿಲು ಇಳಿದು ಹೋದ್ರು. ಆಮೇಲೂ ಹನ್ನೊಂದು ದಿನ ನನಗೆ ಅನ್ನ ಬಡಿಸಿದೀಯ ಅಮ್ಮ. ತಿನ್ನು ತಿನ್ನು ಅಂತ ಬಡಿಸಿದೀಯ."

"ನಾಲಿಗೆ ಏಳ್ಲಿಲ್ಲ ಕಣೇ."

"ನನಗೆ ಬೈಯೋವಾಗ ಏಳುತ್ತಲ್ಲ."

ಗುಬ್ಬಿ ಎದ್ದು ಕೋಣೆಗೆ ಹೋದಳು. ಸೊಸೆ ಅವಳ ಹಿಂದೆ ಹೋದಳು. ಮೇಷ್ಟ್ರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ಬೆರಳಿಗೆ ಸೂಜಿ ಚುಚ್ಚಿದ್ರೆ ನಿಂದು ನೀನೇ ಕಟ್ಕೋತಿದ್ದೆ. ನನ್ನನ್ನ ಹತ್ರ ಬರಕ್ಕೆ ಬಿಡ್ತಿರ್ಲಿಲ್ಲ. ನನ್ನ ಕೈ ಕೊಳಕು ಅಂತ ಅಂದ್ಕೊಂಡಿದ್ದೆ ನಾನು. ಮಿಕ್ಸಿ ಗ್ರೀಸಿನ ಕೈ ಅಲ್ವಾ."

"ನಿಮಗೆ ಬರಬಾರದು ಅಂತ."

"ಕೇಳಿದ್ರೆ ಹೇಳ್ತಿದ್ದೆ, ಬಂದ್ರೆ ಬರ್ಲಿ ಅಂತ. ಕೇಳ್ಲಿಲ್ಲ ನೀನು."

ಅವನು ಒಂದು ವಾರ ಮನೆಯಲ್ಲಿ ಮಾತಾಡಲಿಲ್ಲ. ಮಧ್ಯಾಹ್ನದ ಊಟ ಡಬ್ಬಿಯಲ್ಲಿ ಅಂಗಡಿಗೆ ತರಿಸಿಕೊಂಡ. ಮಿಕ್ಸಿ ತಂದವರಿಗೆ ಪಾಠವನ್ನೂ ಹೇಳಲಿಲ್ಲ. ಬೀದಿಯವರು ಮೇಷ್ಟ್ರಿಗೆ ಮೈ ಸರಿ ಇಲ್ಲ ಅಂದುಕೊಂಡರು. ಸೊಸೆ ಮಾವನನ್ನೂ ಗಂಡನನ್ನೂ ಕರೆದೊಯ್ದು ರಕ್ತ ಕೊಡಿಸಿದಳು, ತಾನೂ ಕೊಟ್ಟಳು. ಅವಳಿಗೂ ಗಂಡನಿಗೂ ಏನೂ ಇರಲಿಲ್ಲ. ಮೇಷ್ಟ್ರಿಗೆ ಯಾವಾಗಲೋ ಬಂದು, ತಾನಾಗಿಯೇ ವಾಸಿಯಾಗಿ ಹೋಗಿತ್ತು.

"ಯಾವಾಗ ಬಂದಿತ್ತು?" ಅಂತ ಅವನು ಡಾಕ್ಟರಮ್ಮನನ್ನು ಕೇಳಿದ.

"ಹೇಳಕ್ಕಾಗಲ್ಲ."

"ಅವಳಿಂದ ನನಗೋ, ನನ್ನಿಂದ ಅವಳಿಗೋ?"

"ಅದನ್ನೂ ಹೇಳಕ್ಕಾಗಲ್ಲ. ಅದು ಗೊತ್ತಾಗಿ ಏನೂ ಆಗಬೇಕಾಗಿಲ್ಲ."

ಮೇಷ್ಟ್ರು ಅಂದು ಸಂಜೆ ಮನೆಗೆ ಬಂದು, ಹೆಂಡತಿಯ ಮಿಷನ್ನಿನ ಬೆಲ್ಟು ಸಡಿಲವಾಗಿದೆ ಅಂತ ತಾನಾಗಿಯೇ ಬಿಚ್ಚಿ ಬಿಗಿ ಮಾಡಿದ. ಮಾತು ಅಲ್ಲಿಂದ ಮತ್ತೆ ಶುರುವಾಯಿತು.

ಗುಬ್ಬಿ ಮಾತ್ರ ತಾಯಿಯೊಂದಿಗೆ ಮಾತು ನಿಲ್ಲಿಸಿದಳು. ಬೇಕಾದದ್ದನ್ನು ಅತ್ತಿಗೆಗೆ ಹೇಳುತ್ತಿದ್ದಳು. ಅಳಿಯನಿಗೆ ಭಾವಮೈದುನ ಫೋನ್ ಮಾಡಿ ವಿಷಯ ತಿಳಿಸಿದ. ಅಳಿಯ, "ಇದನ್ನ ಅತ್ತೆ ಬಾಯಲ್ಲಿ ಕೇಳ್ಬೇಕು ನಾನು. ಅವತ್ತು ನನ್ನನ್ನ ನಿಲ್ಲಿಸಿ ಬೈದೋರು ಅವರೇ ತಾನೇ," ಅಂದ.

ಹೊಲಿಗೆಯಮ್ಮ ಹೋದಳು. ಸೊಸೆ ಜೊತೆಗಿದ್ದಳು. ಟೈರ್ ಅಂಗಡಿಯ ಮುಂದೆ ಒಂದು ಲಾರಿ ಜಾಕಿನ ಮೇಲೆ ನಿಂತಿತ್ತು. ಅಳಿಯ ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಅಂತ ನೋಡುತ್ತಿದ್ದ. ಅವನ ಅಕ್ಕ ಊಟದ ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದಳು. ಲಾರಿಯ ಡ್ರೈವರ್ ಚಹಾ ಕುಡಿಯುತ್ತಿದ್ದ.

"ಒಳಗೆ ಬನ್ನಿ ಅತ್ತೆ," ಅಂದ ಅಳಿಯ.

"ಬೇಡ. ನಿಮ್ಮಕ್ಕನೂ ಇದಾರೆ, ಒಳ್ಳೇದೇ ಆಯ್ತು. ಗುಬ್ಬಿಗೆ ರೋಗ ಬಂದಿರೋದು ಹುಟ್ಟೋವಾಗ, ನನ್ನಿಂದ. ಅವಳದೇನೂ ತಪ್ಪಿಲ್ಲ. ಅವತ್ತೇ ಹೇಳಬೇಕಿತ್ತು. ಹೇಳ್ಲಿಲ್ಲ. ನಿನಗೆ ಬೈದಿದ್ದೂ ತಪ್ಪು." ಅವನ ಅಕ್ಕನ ಕಡೆ ತಿರುಗಿದಳು. "ತಟ್ಟೆ ಬೇರೆ ಮಾಡೋದು ಬೇಡಮ್ಮ. ನಾನೂ ಒಂದು ಕಾಲದಲ್ಲಿ ಮಾಡಿದೀನಿ. ಅದರಿಂದ ಯಾರಿಗೂ ಏನೂ ಉಪಯೋಗ ಆಗಲ್ಲ. ಮಕ್ಕಳಿಗೆ ಲಸಿಕೆ ಹಾಕಿಸಿದೀಯ ಇಲ್ವೋ, ಅದನ್ನ ನೋಡ್ಕೋ."

ಡ್ರೈವರ್ ಲೋಟ ಕೆಳಗಿಟ್ಟು ಬೇರೆ ಕಡೆ ನೋಡಿದ. ಅಳಿಯ ಕೈ ಒರೆಸಿಕೊಂಡು ಸ್ಟೂಲು ಎಳೆದು ತಂದ. ಅವಳು ಕೂರಲಿಲ್ಲ. ಕೂತರೆ ಏಳಲಾಗದು ಅಂತ ಅವಳಿಗೆ ಗೊತ್ತಿತ್ತು.

ಮರುದಿನ ಅಳಿಯ ಬಂದು ಗುಬ್ಬಿಯ ಜೊತೆ ಕೋಣೆಯಲ್ಲಿ ಎರಡು ಗಂಟೆ ಕೂತ. ಒಳಗಿಂದ ಒಮ್ಮೆ ಅವಳ ದನಿ ಏರಿತು, ಒಮ್ಮೆ ಅವನು ಅತ್ತದ್ದು ಕೇಳಿಸಿತು. ಆದರೆ ಗುಬ್ಬಿ ಅವನ ಜೊತೆ ಹೋಗಲಿಲ್ಲ. "ಹೆರಿಗೆ ಆಗ್ಲಿ, ಆಮೇಲೆ ನೋಡೋಣ," ಅಂದಳು. ಅವನು ದಿನಾ ಸಂಜೆ ಬಂದು ಅರ್ಧ ಗಂಟೆ ಕೂತು ಹೋಗತೊಡಗಿದ.

ಹೊಲಿಗೆಯಮ್ಮನ ಡೆಲ್ಟಾ ವರದಿ ಬಂತು. ಇತ್ತು. ಇನ್ನೊಂದು ಪರೀಕ್ಷೆ ಮಾಡಿದರು. ವೈರಸ್ ಬೆಳೆಯುತ್ತಲೇ ಇತ್ತು. ಲಿವರ್ ಗಟ್ಟಿಯಾಗತೊಡಗಿತ್ತು. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ.

"ವಾರಕ್ಕೊಂದು ಇಂಜೆಕ್ಷನ್, ಒಂದು ವರ್ಷ. ಜ್ವರ ಬರುತ್ತೆ, ಮೈಕೈ ನೋವು, ಮನಸ್ಸಿಗೂ ಬೇಜಾರು. ನಾಲ್ಕು ಜನಕ್ಕೆ ಕೊಟ್ರೆ ಒಬ್ಬರಿಗೆ ಹಿಡಿಯುತ್ತೆ. ಹೊಸ ಔಷಧಿ ಇದೆ ಅಂತಾರೆ, ನಮ್ಮ ಆಸ್ಪತ್ರೆಗೆ ಇನ್ನೂ ಬಂದಿಲ್ಲ."

"ಆ ಒಬ್ಬರು ನಾನಾಗದೆ ಇದ್ರೆ?"

"ಆಮೇಲೆ ಏನಿದೆ ಅಂತ ಆಗ ನೋಡೋಣ. ತಗೋತೀರಾ?"

"ತಗೋತೀನಿ. ಮಗಳಿಗೆ ಇದೂ ಹೋಗಿದೆಯಾ, ಅದನ್ನ ಮೊದಲು ನೋಡಿ."

ಗುಬ್ಬಿಯ ರಕ್ತವನ್ನೂ ಕಳಿಸಿದರು. ಒಂಬತ್ತು ದಿನ ಆ ಮನೆಯಲ್ಲಿ ಮಿಷನ್ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹತ್ತನೆಯ ದಿನ ಸೊಸೆ ಕೆಲಸದಿಂದ ಫೋನ್ ಮಾಡಿ, ಗುಬ್ಬಿಯ ಕೈಗೇ ಕೊಡಿ ಅಂದಳು. ಗುಬ್ಬಿ ಕೇಳಿಸಿಕೊಂಡು ಫೋನ್ ಕೆಳಗಿಟ್ಟು, ಅಣ್ಣನ ಕಡೆ ನೋಡಿ, "ನನಗೆ ಡೆಲ್ಟಾ ಇಲ್ಲವಂತೆ," ಅಂದಳು. ಅಡುಗೆಮನೆಯಲ್ಲಿ ಹೊಲಿಗೆಯಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೇ ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

ಏಳನೆಯ ತಿಂಗಳಿಂದ ಗುಬ್ಬಿಯೂ ದಿನಕ್ಕೊಂದು ಮಾತ್ರೆ ತಗೊಂಡಳು. ತಾಯಿ ಪ್ರತಿ ಶುಕ್ರವಾರ ಇಂಜೆಕ್ಷನ್ ತಗೊಂಡಳು. ಶುಕ್ರವಾರ ಸಂಜೆಯಿಂದ ನಡುಕ, ಶನಿವಾರವೆಲ್ಲ ಜ್ವರ, ಭಾನುವಾರ ಗಂಜಿ, ಸೋಮವಾರ ಮತ್ತೆ ಮಿಷನ್. ಕೂದಲು ಉದುರಿ ಬಟ್ಟೆಗೆ ಅಂಟುತ್ತಿತ್ತು. ಹೊಲಿದ ಲಂಗ ಅಂಗಿಗಳನ್ನೆಲ್ಲ ಕೊಡವಿಯೇ ಕಳಿಸಬೇಕಾಗುತ್ತಿತ್ತು. ಶನಿವಾರ ಅಡುಗೆ ಸೊಸೆಯದು, ಭಾನುವಾರ ಮೇಷ್ಟ್ರದು. ಉಪ್ಪು ಎಷ್ಟು ಹಾಕಬೇಕು ಅನ್ನುವುದರ ಮೇಲೆ ಅವನು ಒಂದು ಪಾಠವನ್ನೇ ಮಾಡಿ, ಕೊನೆಗೆ ಹಾಕುವುದನ್ನೇ ಮರೆಯುತ್ತಿದ್ದ.

ಆಸ್ಪತ್ರೆಯಲ್ಲಿ ಲೆಕ್ಕ ಮುಗಿಯಿತು. ಕರೆದವರಲ್ಲಿ ಬಂದವರು ನಾನೂರ ಮೂವತ್ತು. ಡೆಲ್ಟಾ ಸಿಕ್ಕಿದ್ದು ಹತ್ತೊಂಬತ್ತು ಜನರಿಗೆ. ಪಟ್ಟಿಯನ್ನು ಬರೆದದ್ದು ಸೊಸೆ. ಹತ್ತೊಂಬತ್ತರಲ್ಲಿ ಹನ್ನೊಂದನೆಯ ಸಾಲು ಬರೆಯುವಾಗ ಅವಳು ಪೆನ್ನು ಕೆಳಗಿಟ್ಟು ನೀರು ಕುಡಿದು ಬಂದಳು.

ಹೆರಿಗೆ ನೋವು ಒಂದು ಶುಕ್ರವಾರ ಬೆಳಿಗ್ಗೆ ಶುರುವಾಯಿತು. ಹೆಣ್ಣುಮಗು ಹುಟ್ಟಿದಾಗ ಹನ್ನೊಂದೂವರೆ. ಮಗುವಿಗೆ ಹುಟ್ಟಿದ ಕೂಡಲೇ ಎರಡು ಇಂಜೆಕ್ಷನ್ ಕೊಡಬೇಕು ಅಂತ ಡಾಕ್ಟರಮ್ಮ ಚೀಟಿ ಬರೆದು ಕೊಟ್ಟಿದ್ದರು. ವಾರ್ಡಿನ ಫ್ರಿಜ್ಜಿನಲ್ಲಿ ಒಂದು ಮಾತ್ರ ಇತ್ತು.

"ಲಸಿಕೆ ಕೊಟ್ಟಿದೀವಿ," ಅಂದಳು ಕಿಟಕಿಯ ಹಿಂದಿನ ನರ್ಸ್. "ಇನ್ನೊಂದು ಸ್ಟೋರಿಂದ ಬರಬೇಕು. ನಾಳೆ ನೋಡೋಣ."

ಕಿಟಕಿಯ ಮುಂದೆ ಹತ್ತು ಹದಿನೈದು ಜನರ ಸಾಲಿತ್ತು. ಅಳಿಯ ಸಾಲಿನ ಪಕ್ಕದಲ್ಲಿ ನಿಂತಿದ್ದ. ಹೊಲಿಗೆಯಮ್ಮ ಮುಂದೆ ಬಂದು ಕಿಟಕಿಯ ಕಂಬಿ ಹಿಡಿದುಕೊಂಡಳು.

"ನಾಳೆ ಆಗಲ್ಲಮ್ಮ. ಇವತ್ತೇ ಆಗಬೇಕು. ತಾಯಿಗೆ ಹೆಪಟೈಟಿಸ್ ಬಿ ಇದೆ."

"ಮೆಲ್ಲಗೆ ಹೇಳಿ, ಜನ ಇದಾರೆ."

"ಇರ್ಲಿ. ಅವಳಿಗೆ ಬಂದಿದ್ದು ನನ್ನಿಂದ. ನನಗೆ ಅದರ ಮೇಲೆ ಡೆಲ್ಟಾನೂ ಇದೆ. ಅವಳು ಹುಟ್ಟಿದ ದಿನ ಈ ಎರಡು ಇಂಜೆಕ್ಷನ್ ಬಗ್ಗೆ ನನಗೆ ಯಾರೂ ಹೇಳ್ಲಿಲ್ಲ. ಈಗ ಹೇಳಿದಾರೆ, ಕಾಗದ ನನ್ನ ಕೈಯಲ್ಲಿದೆ. ಸ್ಟೋರ್ ಎಲ್ಲಿದೆ ಹೇಳು, ನಾನೇ ಹೋಗಿ ತರ್ತೀನಿ. ಯಾರ ಸಹಿ ಬೇಕು ಹೇಳು, ಅದನ್ನೂ ತರ್ತೀನಿ. ಅದು ಕೊಡೋ ತನಕ ನಾನು ಈ ಕಿಟಕಿ ಬಿಡಲ್ಲ."

ಸಾಲಿನಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಒಬ್ಬಳು ತನ್ನ ಮಗುವನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಹೊಲಿಗೆಯಮ್ಮ ಅದನ್ನು ನೋಡಿದಳು, ಕಂಬಿ ಬಿಡಲಿಲ್ಲ. ನರ್ಸ್ ಫೋನ್ ಎತ್ತಿಕೊಂಡಳು. ಸೊಸೆ ಲಿವರ್ ವಿಭಾಗದಿಂದ ಓಡಿಬಂದು, ಸ್ಟೋರಿನವನನ್ನು ಊಟದ ಮುಂದಿನಿಂದ ಎಬ್ಬಿಸಿದಳು. ಮೂರು ಗಂಟೆಗೆ ಮಗುವಿನ ಇನ್ನೊಂದು ತೊಡೆಗೂ ಇಂಜೆಕ್ಷನ್ ಬಿತ್ತು. ಅದು ಅತ್ತ ಅಳು ಕಾರಿಡಾರಿನ ತುದಿಯವರೆಗೂ ಕೇಳಿಸಿತು.

ಇನ್ನೂ ಎರಡು ಮೂರು ಸಲ ಲಸಿಕೆ ಇತ್ತು. ಮಗುವಿಗೆ ರೋಗ ತಾಗಿದೆಯೋ ಇಲ್ಲವೋ ಅನ್ನುವುದು ಒಂಬತ್ತು ತಿಂಗಳಾದ ಮೇಲೆಯೇ ತಿಳಿಯುವುದು. ಅಲ್ಲಿಯವರೆಗೆ ಕಾಯಬೇಕು ಅಂತ ಡಾಕ್ಟರಮ್ಮ ತಾರೀಕು ಬರೆದು ಕೊಟ್ಟರು. ಅಳಿಯ ಆ ಚೀಟಿಯನ್ನು ಓದಿ, ಮಡಿಸಿ, ಮತ್ತೆ ಬಿಡಿಸಿ ಓದಿದ.

ಹೊಲಿಗೆಯಮ್ಮ ವಾರ್ಡಿನ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತಿದ್ದಳು. ಮಂಚದ ಹತ್ತಿರ ಹೋಗಲಿಲ್ಲ, ಯಾರೂ ಕರೆದಿರಲಿಲ್ಲ. ಗುಬ್ಬಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು.

"ಇವತ್ತು ಶುಕ್ರವಾರ," ಅಂದಳು ಗುಬ್ಬಿ, ಮಗುವಿನಿಂದ ಕಣ್ಣು ತೆಗೆಯದೆ.

ಯಾರಿಗೆ ಹೇಳಿದಳು ಅಂತ ಯಾರಿಗೂ ತಿಳಿಯಲಿಲ್ಲ. ಸೊಸೆ ಅತ್ತೆಯ ಕಡೆ ನೋಡಿದಳು.

"ಹೂಂ, ಶುಕ್ರವಾರ," ಅಂದಳು ಹೊಲಿಗೆಯಮ್ಮ. "ನಂದು ನಾಳೆ ತಗೊಂಡ್ರಾಯ್ತು. ಈಗ ಚುಚ್ಚಿಸ್ಕೊಂಡ್ರೆ ರಾತ್ರಿ ಜ್ವರ ಬರುತ್ತೆ. ಇಲ್ಲಿ ನಿನ್ನ ಜೊತೆ ಯಾರಿರ್ತಾರೆ?"

"ಅತ್ತಿಗೆ ಇರ್ತಾರೆ. ಐದು ಗಂಟೆಗೆ ಅಲ್ಲಿ ಬಾಗಿಲು ಹಾಕ್ತಾರೆ. ಹೋಗಿ ತಗೊಂಡು ಬಾ, ಅಮ್ಮ."

ಮೂರು ತಿಂಗಳ ಮೇಲೆ ಅದು ಮಗಳು ಅವಳಿಗೆ ಆಡಿದ ಮೊದಲ ಮಾತು. ಹೊಲಿಗೆಯಮ್ಮ ಎದ್ದಳು. ಮೊಣಕಾಲು ಹಿಡಿದುಕೊಂಡಿತ್ತು, ಅಳಿಯ ಕೈ ಕೊಟ್ಟ. ಅದನ್ನು ಹಿಡಿದುಕೊಂಡು ಅವಳು ಮೆಟ್ಟಿಲ ಕಡೆ ನಡೆದಳು.